ಟ್ರಕ್ಕಿಗೆ ದೊಡ್ಡ ಇಂಟರ್‌ಕೂಲರ್ ಹಾಕಿದ ಕಥೆ, ಜೊತೆಗೆ ವಾರಂಟಿ ತಲೆನೋವು

ನಾನು ಮೆಕ್ಯಾನಿಕ್ ಅಲ್ಲ ಅಂತ ಮೊದಲೇ ಹೇಳ್ಬಿಡ್ತೀನಿ. ಟೆಕ್ಸಸ್‌ನಲ್ಲಿ ಆಸ್ಟಿನ್ ಪಕ್ಕ ಇದೀನಿ, ಕೆಲಸ ಕಂಪ್ಯೂಟರ್ ಮುಂದೆ ಕೂರೋದು, ಊರು ಸಕಲೇಶಪುರ. ಚಿಕ್ಕಪ್ಪ ಇಪ್ಪತ್ತು ವರ್ಷ ಶಿರಾಡಿ ಘಾಟಿಲಿ ಲಾರಿ ಹೊಡೆದವರು, ಅವರ ಜೊತೆ ಗ್ಯಾರೇಜಲ್ಲಿ ಸ್ಪ್ಯಾನರ್ ಎತ್ತಿಕೊಡೋ ಕೆಲಸ ಮಾಡ್ತಾ ಬೆಳೆದೋನು, ಅಷ್ಟೇ ನನ್ನ ಟ್ರೈನಿಂಗ್.

ಗಾಡಿ 2021ರ ಫೋರ್ಡ್ ಎಫ್-150, 3.5 ಲೀಟರ್ ಇಕೋಬೂಸ್ಟ್, ಅಂದ್ರೆ ವಿ6 ಇಂಜಿನ್‌ಗೆ ಎರಡು ಟರ್ಬೊ, 400 ಎಚ್‌ಪಿ, ಪೆಟ್ರೋಲು. ಓಡಿರೋದು 41 ಸಾವಿರ ಮೈಲಿ. ಹಿಂದೆ ಎಳೆಯೋದು ಒಂದು ಕ್ಯಾಂಪಿಂಗ್ ಟ್ರೈಲರ್, ಸಾಮಾನೆಲ್ಲ ತುಂಬಿದ್ರೆ 6,000 ಪೌಂಡ್, ನಮ್ಮ ಲೆಕ್ಕದಲ್ಲಿ 2,700 ಕೆಜಿ ಆಗುತ್ತೆ.

ಹೋದ ಜುಲೈನಲ್ಲಿ ನ್ಯೂ ಮೆಕ್ಸಿಕೊದ ಕ್ಲೌಡ್‌ಕ್ರಾಫ್ಟ್‌ಗೆ ಹೋಗಿದ್ವಿ. ಅಲಮೊಗಾರ್ಡೊ ಊರಿಂದ ಯುಎಸ್ 82 ರಸ್ತೆ ಹಿಡಿದ್ರೆ ಮೂವತ್ತು ಕಿಲೋಮೀಟರ್ ಒಳಗೆ 1,300 ಮೀಟರ್ ಹತ್ತಿಸಿಬಿಡುತ್ತೆ. ಶಿರಾಡಿಗಿಂತ ಜಾಸ್ತಿನೇ ಏರು, ರೋಡ್ ಮಾತ್ರ ಕನ್ನಡಿ ಥರ ಇದೆ ಅನ್ನೋದೇ ವ್ಯತ್ಯಾಸ. ಕೆಳಗೆ 36 ಡಿಗ್ರಿ ಬಿಸಿಲು. ಅರ್ಧ ಹತ್ತೋವರೆಗೂ ಗಾಡಿ ಆರಾಮಾಗಿ ಎಳೀತಿತ್ತು, ಆಮೇಲೆ ಏನಾಯ್ತೋ, ಪೆಡಲ್ ಅಷ್ಟೇ ಒತ್ತಿದೀನಿ, ಗೇರ್ ತಾನೇ ಇಳೀತಾ ಇದೆ, ಇಂಜಿನ್ ಕೂಗ್ತಾ ಇದೆ, ಸ್ಪೀಡ್ ನೋಡಿದ್ರೆ ಗಂಟೆಗೆ 55 ಮೈಲಿಯಿಂದ 50, 50ರಿಂದ 42 ಅಂತ ಜಾರ್ತಾ ಇದೆ. ಲೈಟ್ ಏನೂ ಹತ್ತಿಲ್ಲ, ಇಂಜಿನ್ ಟೆಂಪರೇಚರ್ ಸರಿಯಾಗೇ ಇದೆ. ಪಕ್ಕದಲ್ಲಿ ಕೂತಿದ್ದ ಹೆಂಡ್ತಿ ಕೈಲಿ ಫೋನಲ್ಲಿ ಫೋರ್‌ಸ್ಕ್ಯಾನ್ ಆಪ್ ಓಪನ್ ಮಾಡಿಸ್ದೆ (ಗಾಡಿಯ ಸೆನ್ಸರ್ ಲೆಕ್ಕ ಓದೋ ಒಬಿಡಿ ಪೋರ್ಟಲ್ಲಿ ಅಡಾಪ್ಟರ್ ಯಾವಾಗ್ಲೂ ಇರುತ್ತೆ), ಇಂಟರ್‌ಕೂಲರ್ ದಾಟಿ ಇಂಜಿನ್ ಕಡೆ ಹೋಗ್ತಿರೋ ಗಾಳಿ 71 ಡಿಗ್ರಿ ಸೆಲ್ಸಿಯಸ್. "ಇದು ಜಾಸ್ತಿನಾ ಕಮ್ಮಿನಾ?" ಅಂದ್ಲು. ಜಾಸ್ತಿ ಕಣೇ ಅಂದೆ.

ಯಾಕೆ ಜಾಸ್ತಿ ಅಂದ್ರೆ, ಸೈಕಲ್ ಪಂಪ್ ಹೊಡೆದಿದ್ದೋರಿಗೆಲ್ಲ ಗೊತ್ತು, ನಾಲ್ಕು ಸಲ ಒತ್ತಿದ್ರೆ ಪಂಪಿನ ಬುಡ ಬಿಸಿ ಆಗುತ್ತೆ. ಟರ್ಬೊ ಮಾಡೋದೂ ಅದನ್ನೇ, ಗಾಳಿ ಅಮುಕುತ್ತೆ, ಅಮುಕಿದ ಗಾಳಿ ಕಾಯುತ್ತೆ. ಆ ಬಿಸಿ ಇಳಿಸೋಕೆ ಮುಂದೆ ಬಂಪರ್ ಹಿಂದೆ ಒಂದು ಅಲ್ಯೂಮಿನಿಯಂ ರೇಡಿಯೇಟರ್ ಥರ ಇಟ್ಟಿರ್ತಾರಲ್ಲ, ಅದೇ ಇಂಟರ್‌ಕೂಲರ್, ಒಳಗೆ ನೀರಿನ ಬದಲು ಗಾಳಿ ಓಡುತ್ತೆ. ಬೆಟ್ಟ ಹತ್ತುತ್ತಾ ಹೋದ ಹಾಗೆ ಹೊರಗಿನ ಗಾಳಿ ತೆಳ್ಳಗಾಗುತ್ತೆ, ಅಷ್ಟೇ ಪ್ರೆಶರ್ ಕೊಡೋಕೆ ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಗಾಳಿ ಇನ್ನೂ ಕಾಯುತ್ತೆ, ಟ್ರೈಲರ್ ಎಳೀತಾ ಸ್ಪೀಡ್ ಕಮ್ಮಿ ಇರೋದ್ರಿಂದ ಇಂಟರ್‌ಕೂಲರ್‌ಗೆ ಮುಂದಿಂದ ಬಡಿಯೋ ತಂಪು ಗಾಳಿನೂ ಕಮ್ಮಿ. ಕೊನೆಗೆ ಅದರ ಲೋಹನೇ ಕಾದು ಕೂರುತ್ತೆ. ಬಿಸಿ ಗಾಳಿ ಒಳಗೆ ಹೋದ್ರೆ ಇಂಜಿನ್ ನಾಕಿಂಗ್ (ಪೆಟ್ರೋಲು ಸಿಲಿಂಡರಲ್ಲಿ ತಾನಾಗೇ ಹೊತ್ತಿ ಬಡಿಯೋದು) ಆಗುತ್ತೆ ಅಂತ ಕಂಪ್ಯೂಟರ್ ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ತಗೊಳುತ್ತೆ, ಅಂದ್ರೆ ಕಿಡಿ ತಡವಾಗಿ ಹಾರಿಸುತ್ತೆ, ಅಲ್ಲಿ ಪವರ್ ಹೋಯ್ತು. ಇದು ರಿಪೇರಿ ಅಲ್ಲ, ಗಾಡಿ ತನ್ನನ್ನ ತಾನು ಕಾಪಾಡಿಕೊಳ್ತಿದೆ ಅಷ್ಟೇ. ಫ್ಯಾಕ್ಟರಿ ಇಂಟರ್‌ಕೂಲರ್ ದಿನಾ ಆಫೀಸಿಗೆ ಹೋಗಿ ಬರೋಕೆ ಸಾಕೋ ಸಾಕು.

ವಾಪಸ್ ಬಂದ ಮೇಲೆ ಚಿಕ್ಕಪ್ಪಂಗೆ ಫೋನ್ ಮಾಡಿ ಹೇಳ್ದೆ. "ನಮ್ ಕಾಲದ ಲಾರಿಲಿ ಟರ್ಬೊನೂ ಇರ್ಲಿಲ್ಲ ಎಂಥದ್ದೂ ಇರ್ಲಿಲ್ಲ ಕಣಪ್ಪಾ, ಮಾರನಹಳ್ಳಿ ಹತ್ರ ನಿಲ್ಸಿ ರೇಡಿಯೇಟರ್‌ಗೆ ನೀರು ಹಾಕಿ ಒಂದು ಬೀಡಿ ಸೇದಿದ್ರೆ ಗಾಡಿನೂ ತಣ್ಣಗಾಗೋದು ನಾವೂ ತಣ್ಣಗಾಗ್ತಿದ್ವಿ" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು "ಗ್ಯಾರಂಟಿ ಇನ್ನೂ ಇದೆಯೇನೋ?" ಅಂತ ಕೇಳಿದ್ರು. ಇದೆ ಅಂದೆ. "ಗ್ಯಾರಂಟಿ ಇರೋ ಗಾಡಿಗೆ ಸ್ಪ್ಯಾನರ್ ಹಾಕ್ತೀಯಲ್ಲ, ತಲೆ ಸರಿ ಇದ್ಯೇನೋ ನಿಂಗೆ?"

ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಎರಡು ವಾರ ಹೋಯ್ತು, ಇಂಟರ್‌ಕೂಲರ್ ಹಾಕೋಕೆ ಹೋಗಿದ್ದು ಒಂದೇ ದಿನ.

ಅದಕ್ಕೂ ಮೊದಲು ಒಂದು ಪುಕ್ಕಟೆ ಸಲಹೆ. ಆ ಟ್ರಿಪ್ಪಲ್ಲಿ ನಾನು ಹಾಕಿಸಿದ್ದು 87 ಆಕ್ಟೇನ್ ಪೆಟ್ರೋಲು, ಜುಗ್ಗತನ. ಟೆಕ್ಸಸ್‌ನಲ್ಲಿ 93 ಸಿಗುತ್ತೆ, ಟ್ರೈಲರ್ ಎಳೆಯೋವಾಗ ಅದನ್ನ ಹಾಕಿಸಿದ್ರೆ ನಾಕಿಂಗ್ ತಡೆದುಕೊಳ್ಳೋ ಶಕ್ತಿ ಜಾಸ್ತಿ, ಕಂಪ್ಯೂಟರ್ ಅಷ್ಟು ಬೇಗ ಟೈಮಿಂಗ್ ಇಳಿಸಲ್ಲ. ಇಲ್ಲಿ ಹಿಲ್ ಕಂಟ್ರಿ ಏರುಗಳಲ್ಲಿ 93 ಹಾಕಿ ಎಳೆದು ನೋಡ್ದೆ, ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತೆ. ವರ್ಷಕ್ಕೆ ಒಂದು ಸಲ ಎಳೆಯೋರು ಇಲ್ಲಿಗೇ ನಿಲ್ಸಿ, ದುಡ್ಡು ಉಳಿಯುತ್ತೆ. ನಾವು ವರ್ಷಕ್ಕೆ ಎಂಟು ಹತ್ತು ಸಲ ಹೋಗ್ತೀವಿ, ಅದೂ ಬೇಸಿಗೆಲೇ ಜಾಸ್ತಿ, ಅದಕ್ಕೆ ಮುಂದುವರೆದೆ.

ಈಗ ವಾರಂಟಿ. ಈ ಗಾಡಿಗೆ ಬಂಪರ್ ಟು ಬಂಪರ್ (ಹೆಚ್ಚೂ ಕಮ್ಮಿ ಇಡೀ ಗಾಡಿಗೆ) 3 ವರ್ಷ ಅಥವಾ 36,000 ಮೈಲಿ, ಅದು ಮುಗಿದಿದೆ. ಪವರ್‌ಟ್ರೇನ್ 5 ವರ್ಷ ಅಥವಾ 60,000 ಮೈಲಿ, ಅದು ಉಳಿದಿದೆ, ಇಂಜಿನ್ ಒಳಗಿನ ಭಾಗ, ಗೇರ್‌ಬಾಕ್ಸ್, ಟರ್ಬೊ ಎಲ್ಲ ಅದರಲ್ಲೇ ಬರುತ್ತೆ. ಇದಲ್ಲದೆ ಬಹಳ ಜನಕ್ಕೆ ಗೊತ್ತೇ ಇಲ್ಲದ ಮೂರನೇದೊಂದಿದೆ, ಅಮೆರಿಕದ ಎಮಿಷನ್ (ಹೊಗೆ ನಿಯಂತ್ರಣ) ಕಾನೂನಿನ ಪ್ರಕಾರ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ಇಂಜಿನ್ ಕಂಪ್ಯೂಟರ್‌ಗೂ 8 ವರ್ಷ ಅಥವಾ 80,000 ಮೈಲಿ.

ಡೀಲರ್ ಸರ್ವಿಸ್ ಕೌಂಟರಲ್ಲಿ ಕೇಳಿದೆ, ಇಂಟರ್‌ಕೂಲರ್ ಬದಲಾಯಿಸಿದ್ರೆ ವಾರಂಟಿ ಏನಾಗುತ್ತೆ ಅಂತ. "ಯಾವ ಮಾಡಿಫಿಕೇಷನ್ ಮಾಡಿದ್ರೂ ವಾರಂಟಿ ಪೂರ್ತಿ ಹೋಗುತ್ತೆ" ಅಂದ ಆ ಹುಡುಗ, ಕೀಬೋರ್ಡಿಂದ ತಲೆ ಎತ್ತಲಿಲ್ಲ. ಇದನ್ನೇ ಒಂದು ಪೇಪರಲ್ಲಿ ಬರೆದು ಕೊಡ್ತೀರಾ ಅಂದೆ. ಆಗ ತಲೆ ಎತ್ತಿದ. ಮ್ಯಾನೇಜರ್ ಹತ್ರ ಕೇಳಿ ಹೇಳ್ತೀನಿ ಅಂದೋನು ಇನ್ನೂ ಕೇಳ್ತಾನೇ ಇದಾನೆ.

ಅವನು ಹೇಳಿದ್ದು ತಪ್ಪು ಅಂತ ಗೊತ್ತಾಗಿದ್ದು ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಓದಿದ ಮೇಲೆ. 1975ರದ್ದು. (ಅದಕ್ಕೆ ಸಹಿ ಹಾಕಿದ ಪ್ರೆಸಿಡೆಂಟ್ ಹೆಸರೂ ಫೋರ್ಡೇ, ಜೆರಾಲ್ಡ್ ಫೋರ್ಡ್, ಕಾರ್ ಕಂಪನಿಗೂ ಅವರಿಗೂ ಸಂಬಂಧ ಇಲ್ಲ ಬಿಡಿ, ಆದ್ರೂ ನಗು ಬಂತು.) ಅದರ ಸಾರ ಇಷ್ಟು: ನಮ್ಮದೇ ಬ್ರ್ಯಾಂಡಿನ ಪಾರ್ಟು ಹಾಕಿದ್ರೆ ಮಾತ್ರ ವಾರಂಟಿ ಅಂತ ಕಂಪನಿ ಷರತ್ತು ಹಾಕೋ ಹಾಗಿಲ್ಲ, ಹಾಕಬೇಕಂದ್ರೆ ಆ ಪಾರ್ಟನ್ನ ಪುಕ್ಕಟೆ ಕೊಡಬೇಕು, ಇಲ್ಲಾ ಎಫ್‌ಟಿಸಿ ಅನ್ನೋ ಸರ್ಕಾರಿ ಸಂಸ್ಥೆಯಿಂದ ವಿನಾಯಿತಿ ತಗೊಂಡಿರಬೇಕು. ಹೊರಗಿನ ಪಾರ್ಟು ಹಾಕಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದಾಗಲ್ಲ. 2018ರಲ್ಲಿ ಇದೇ ಎಫ್‌ಟಿಸಿ ಇಂಥ ಷರತ್ತು ಹಾಕಿದ್ದ 6 ಕಂಪನಿಗಳಿಗೆ ಎಚ್ಚರಿಕೆ ಪತ್ರನೂ ಕಳಿಸಿತ್ತು.

ಇದನ್ನ ಓದಿ ನಾನು ಗೆದ್ದೆ ಅಂತ ಕುಣಿದೆ. ಆಮೇಲೆ ಉಳಿದರ್ಧ ಓದಿದೆ. ನೀವು ಹಾಕಿದ ಪಾರ್ಟಿಂದಲೇ, ಅಥವಾ ನೀವು ಅದನ್ನ ಕೂರಿಸಿದ ರೀತಿಯಿಂದಲೇ ಏನಾದ್ರೂ ಹಾಳಾದ್ರೆ ಆ ರಿಪೇರಿನ ಕಂಪನಿ ಮಾಡಿಕೊಡಬೇಕಾಗಿಲ್ಲ. ನಮ್ಮ ಗಾಡಿಯಲ್ಲಿ ನೋಡಿ, ಹಿಂದಿನ ಚಕ್ರಗಳ ಮಧ್ಯೆ ಇರೋ ಡಿಫರೆನ್ಷಿಯಲ್ ಸೀಲ್ ಸೋರಿದ್ರೆ ಅದಕ್ಕೂ ಇಂಟರ್‌ಕೂಲರ್‌ಗೂ ಯಾವ ನೆಂಟಸ್ತನ? ಅದಕ್ಕೆ ವಾರಂಟಿ ಇಲ್ಲ ಅಂತ ಅವರು ಅನ್ನೋಕಾಗಲ್ಲ. ಆದ್ರೆ ಟರ್ಬೊ ಹೋದ್ರೆ, ಪಿಸ್ಟನ್ ಒಡೆದ್ರೆ, ಅವರು ಮೊದಲು ಬೆರಳು ತೋರಿಸೋದೇ ಇದರ ಕಡೆಗೆ. ಕಾನೂನು ನಮ್ಮ ಪರ ಇದ್ರೂ ಇಲ್ಲ ಅಂತ ಅವರು ಒಂದು ಮಾತು ಅಂದ್ರೆ ಗಾಡಿ ನಿಲ್ಲೋದು ನಮ್ಮದು, ಬಾಡಿಗೆ ಕಾರ್ ದುಡ್ಡು ನಮ್ಮದು, ವಕೀಲರ ಹತ್ರ ಓಡೋರು ನಾವು.

ಇಲ್ಲಿರೋ ಗೆಳೆಯ ಒಬ್ಬ ಹೇಳ್ದ, "ಮಗಾ ಸಿಂಪಲ್, ಡೀಲರ್ ಹತ್ರ ಹೋಗೋ ಹಿಂದಿನ ದಿನ ಹಳೇದು ಹಾಕ್ಕೊಂಡು ಹೋಗು, ಯಾವನಿಗೆ ಗೊತ್ತಾಗುತ್ತೆ?" ನಂಗೆ ಅದು ಸರಿ ಕಾಣಲಿಲ್ಲ. ಸುಳ್ಳು ಹೇಳೋಕೆ ಇಷ್ಟ ಇಲ್ಲ ಅನ್ನೋದು ಒಂದು, ಕೆಟ್ಟು ನಿಂತಿರೋ ಗಾಡಿ ಅಡಿಗೆ ನುಗ್ಗಿ ಯಾವನು ಬಿಚ್ಚಿ ಜೋಡಿಸ್ತಾನೆ ಅನ್ನೋದು ಇನ್ನೊಂದು.

ಅದಕ್ಕೆ ಎರಡು ವಿಷಯ ಗಟ್ಟಿ ಮಾಡಿಕೊಂಡೆ. ಮೂಲ ಭಾಗ ಯಾವುದನ್ನೂ ಕೊಯ್ಯಲ್ಲ, ತೂತು ಹೊಡೆಯಲ್ಲ. ಟ್ಯೂನ್, ಅಂದ್ರೆ ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸೋದು, ಅದನ್ನಂತೂ ಮುಟ್ಟಲ್ಲ. ದೊಡ್ಡ ಇಂಟರ್‌ಕೂಲರ್ ಹಾಕಿದ ಮೇಲೆ ಕಂಪ್ಯೂಟರ್ ಟ್ಯೂನ್ ಮಾಡಿ ಬೂಸ್ಟ್ (ಟರ್ಬೊ ಕೊಡೋ ಪ್ರೆಶರ್) ಏರಿಸಿದ್ರೆ 50-60 ಎಚ್‌ಪಿ ಸಿಗುತ್ತೆ ಅಂತ ಎಲ್ಲರೂ ಆಸೆ ತೋರಿಸ್ತಾರೆ. ಇಂಟರ್‌ಕೂಲರ್ ಗಾಳಿ ತಣ್ಣಗೆ ಮಾಡುತ್ತೆ, ಇಂಜಿನ್ ಮೇಲೆ ಭಾರ ಇಳಿಸುತ್ತೆ. ಟ್ಯೂನ್ ಭಾರ ಏರಿಸುತ್ತೆ, ಫ್ಯಾಕ್ಟರಿ ಇಟ್ಟಿರೋ ಮಿತಿನೇ ಬದಲಾಯಿಸುತ್ತೆ, ವಾಪಸ್ ಹಳೇ ಸಾಫ್ಟ್‌ವೇರ್ ಹಾಕಿದ್ರೂ ಕುರುಹು ಸಿಕ್ಕೋ ಸಾಧ್ಯತೆ ಇದ್ದೇ ಇದೆ, ಆ 80,000 ಮೈಲಿ ವಾರಂಟಿ ಇರೋ ಕಂಪ್ಯೂಟರನ್ನೇ ಕೆದಕಿದ ಹಾಗೆ ಬೇರೆ. ಎರಡನ್ನೂ ಒಂದೇ ತಕ್ಕಡಿಲಿ ತೂಗೋದು ತಪ್ಪು ಅಂತ ನನ್ನ ಅಭಿಪ್ರಾಯ.

ತಗೊಂಡಿದ್ದು ಬಾರ್ ಅಂಡ್ ಪ್ಲೇಟ್ (ಲೋಹದ ಪಟ್ಟಿ, ತಟ್ಟೆ ಜೋಡಿಸಿ ಮಾಡಿದ್ದು) ಥರದ್ದು, ಟ್ಯಾಕ್ಸ್ ಸೇರಿ 940 ಡಾಲರ್. ಇದು ತೆಳು ಕೊಳವೆಗಳ ಟ್ಯೂಬ್ ಅಂಡ್ ಫಿನ್‌ಗಿಂತ ಭಾರ, ಲೋಹ ಜಾಸ್ತಿ ಇರೋದ್ರಿಂದ ಕಾಯೋಕೆ ಹೊತ್ತು ಬೇಕು, ಒಂದು ಸಲ ಕಾದ್ರೆ ಆರೋಕೂ ಹೊತ್ತು ಬೇಕು, ದೋಸೆ ಕಾವಲಿ ಲೆಕ್ಕ. ಮನೆ ತೂಕದ ಮೆಷಿನ್ ಮೇಲೆ ಇಟ್ಟು ನೋಡ್ದೆ, ಹಳೇದು 11 ಪೌಂಡ್, ಹೊಸದು 27. ಕ್ಯಾಲಿಫೋರ್ನಿಯಾದಲ್ಲಿರೋರು ಗಮನಿಸಿ, ಅಲ್ಲಿ ಇಂಥ ಪಾರ್ಟಿಗೆ ಕಾರ್ಬ್ (ಆ ರಾಜ್ಯದ ವಾಯುಮಾಲಿನ್ಯ ಮಂಡಳಿ) ಅನುಮತಿ ನಂಬರ್ ಇದೆಯಾ ಅಂತ ನೋಡಿಕೊಂಡೇ ತಗೋಬೇಕು.

ಶನಿವಾರ ಬೆಳಿಗ್ಗೆ ಆರಕ್ಕೆ ಶುರು, ಹತ್ತರ ಮೇಲೆ ಟೆಕ್ಸಸ್ ಆಗಸ್ಟ್ ಬಿಸಿಲಲ್ಲಿ ಗಾಡಿ ಅಡಿ ಮಲಗೋಕಾಗಲ್ಲ. ಮುಂದಿನ ಚಕ್ರ ರಾಂಪ್ ಮೇಲೆ, ಹಿಂದಿನ ಚಕ್ರಕ್ಕೆ ಕಟ್ಟೆ. ಮೊದಲು ಓಡೋಮೀಟರ್ ಫೋಟೊ, ಆಮೇಲೆ ಒಂದೊಂದು ಬೋಲ್ಟ್ ಬಿಚ್ಚೋ ಮುಂಚೆ ಒಂದೊಂದು ಫೋಟೊ. ಅಡಿಗಿರೋ ಪ್ಲಾಸ್ಟಿಕ್ ಶೀಲ್ಡ್ ಬಿಚ್ಚಿದ ತಕ್ಷಣ ಒಣಗಿದ ಕೆಸರು, ಮಿಡತೆ ರೆಕ್ಕೆ, ಒಂದು ಹಿಡಿ ಸಣ್ಣ ಜಲ್ಲಿ ಎಲ್ಲ ಸೀದಾ ಮುಖದ ಮೇಲೆ. ಕನ್ನಡಕ ಹಾಕ್ಕೊಳ್ಳಿ ಅಂತ ಯಾಕೆ ಹೇಳ್ತಾರೆ ಅಂತ ಆಗ ಗೊತ್ತಾಯ್ತು.

ಪೈಪುಗಳ ಕ್ಲಾಂಪ್ ಸಡಿಲ ಮಾಡಿ, ಸೆನ್ಸರ್ ಪ್ಲಗ್ ಕಿತ್ತು, ಬ್ರ್ಯಾಕೆಟ್ ಬೋಲ್ಟ್ ತೆಗೆದ್ರೆ ಇಂಟರ್‌ಕೂಲರ್ ಎದೆ ಮೇಲೆ ಬಂದು ಕೂರುತ್ತೆ. ತೆರೆದ ಪೈಪ್ ಬಾಯಿಗೆ ಹಳೇ ಬನಿಯನ್ ತುರುಕಿ ಅದಕ್ಕೆ ಹೆಂಡ್ತಿಯ ಕೆಂಪು ರಿಬ್ಬನ್ ಕಟ್ಟಿ ಹೊರಗೆ ನೇತಾಡಿಸ್ದೆ, ಮರೆತು ಹಾಗೇ ಮುಚ್ಚಿಬಿಟ್ರೆ ಬನಿಯನ್ ಸೀದಾ ಇಂಜಿನ್ ಕಡೆ ಪ್ರಯಾಣ. ಹಳೇ ಇಂಟರ್‌ಕೂಲರನ್ನ ಓರೆ ಮಾಡಿ ಖಾಲಿ ಮೊಸರಿನ ಡಬ್ಬಕ್ಕೆ ಬಗ್ಗಿಸಿದೆ, ಎರಡು ಚಮಚದಷ್ಟು ಕಾಫಿ ಡಿಕಾಕ್ಷನ್ ಬಣ್ಣದ ಎಣ್ಣೆ, ಅಡೀಲಿ ಸ್ವಲ್ಪ ನೀರು. ಗಾಬರಿ ಬೇಡ, ಇಂಜಿನ್ ಉಸಿರಾಡೋ ಪಿಸಿವಿ ದಾರಿಯಿಂದ ಸ್ವಲ್ಪ ಎಣ್ಣೆ ಆವಿ ಬರೋದು ಟರ್ಬೊ ಗಾಡಿಲಿ ಮಾಮೂಲಿ. ಲೋಟಗಟ್ಟಲೆ ಬಂದ್ರೆ ಬೇರೆ ಮಾತು.

ಹೊಸದನ್ನ ಡಬ್ಬದಿಂದ ತೆಗೆದು ಹಾಗೇ ಹಾಕಬೇಡಿ. ನಾನು ಸೋಪ್ ನೀರು ಹಾಕಿ ಕುಲುಕಿ, ಬಿಳಿ ಪಂಚೆ ತುಂಡಿನ ಮೇಲೆ ಸುರಿದೆ, ಬಟ್ಟೆ ಮೇಲೆ ಮಿಣ ಮಿಣ ಅನ್ನೋ ಮೂರು ಅಲ್ಯೂಮಿನಿಯಂ ಚೂರು, ಒಂದು ಅಕ್ಕಿನುಚ್ಚಿನಷ್ಟು ದೊಡ್ಡದು. ಅದು ಸಿಲಿಂಡರ್ ಒಳಗೆ ಹೋಗಿದ್ರೆ ಆಗ ಡೀಲರ್ ವಾರಂಟಿ ಇಲ್ಲ ಅಂದ್ರೆ ನಾನು ಬಾಯಿ ಮುಚ್ಕೊಂಡು ಬರಬೇಕಿತ್ತು. ಮೂರು ಸಲ ತೊಳೆದು, ಕಂಪ್ರೆಸರ್ ಗಾಳಿ ಹೊಡೆದು, ಬಿಸಿಲಿಗೆ ಇಟ್ಟೆ.

ಜೊತೆ ಬಂದ ಕಾಗದದಲ್ಲಿ, ಮುಂದಿರೋ ಗಾಳಿ ತಿರುಗಿಸೋ ಪ್ಲಾಸ್ಟಿಕ್ ತಟ್ಟೆನ ಒಂದಿಂಚು ಕೊಯ್ಯಿ ಅಂತಿತ್ತು, ಹೊಸದು ದಪ್ಪ ಇರೋದ್ರಿಂದ. ಕೊಯ್ಯಲ್ಲ ಅಂತ ಮೊದಲೇ ಅಂದ್ಕೊಂಡಿದ್ನಲ್ಲ, ಇನ್ನೊಂದು ತಟ್ಟೆ ಕೊಂಡು ಅದನ್ನ ಕೊಯ್ದು ಹಾಕ್ದೆ, ಮೂಲದ್ದು ಅಟ್ಟಕ್ಕೆ. ಹುಚ್ಚಾಟ ಅಂತ ಗೆಳೆಯ ನಕ್ಕ, ನಗಲಿ.

ಮಧ್ಯಾಹ್ನ ಎರಡಕ್ಕೆ ಮುಗೀತು, ಒಂದು ರೌಂಡ್ ಹೊಡೆದೆ, ಚೆನ್ನಾಗಿತ್ತು, ಸ್ನಾನ ಮಾಡಿ ಚಿತ್ರಾನ್ನ ತಿಂದು ಮಲಗ್ದೆ.

ಸೋಮವಾರ ಬೆಳಿಗ್ಗೆ ಹೈವೇ ಸೇರೋಕೆ ಅಂತ ಜೋರಾಗಿ ಒತ್ತಿದೆ ನೋಡಿ, ಮುಂದಿಂದ ಕುಕ್ಕರ್ ವಿಷಲ್ ಬಿಟ್ಟ ಹಾಗೆ ಉಸ್ಸ್ಸ್ ಅಂತ ಶಬ್ದ, ಗಾಡಿ ಸತ್ತ ಹಾಗೆ, ಡ್ಯಾಶ್‌ಬೋರ್ಡಲ್ಲಿ ಸ್ಪ್ಯಾನರ್ ಲೈಟ್. ಕೋಡ್ ಪಿ 0299, ಟರ್ಬೊ ಕೊಡಬೇಕಾದಷ್ಟು ಪ್ರೆಶರ್ ಬರ್ತಿಲ್ಲ ಅಂತ ಅರ್ಥ. ಚಿಕ್ಕಪ್ಪನ ದನಿ ಕಿವೀಲಿ ಕೇಳಿಸ್ತು. ನಿಧಾನಕ್ಕೆ, ಟರ್ಬೊ ಏಳದ ಹಾಗೆ, ಹೂವಿನ ಥರ ಮನೆಗೆ ತಂದೆ.

ಎಲ್ಲಿ ಸೋರ್ತಿದೆ ಅಂತ ಕಣ್ಣಿಗೆ ಕಾಣಲ್ಲ. ಪಿವಿಸಿ ಮುಚ್ಚಳಕ್ಕೆ ಟೈರ್ ವಾಲ್ವ್ ಕೂರಿಸಿ, ಇಂಟರ್‌ಕೂಲರ್ ಎರಡೂ ಬದಿಯ ಪೈಪ್ ಮುಚ್ಚಿ, ಕಂಪ್ರೆಸರಿಂದ 12 ಪಿಎಸ್‌ಐ ಕೊಟ್ಟು, ಪಾತ್ರೆ ತೊಳೆಯೋ ಸೋಪ್ ನೀರು ಸ್ಪ್ರೇ ಮಾಡ್ದೆ, ಪಂಕ್ಚರ್ ಅಂಗಡಿಯೋನು ಟ್ಯೂಬ್ ನೀರಲ್ಲಿ ಅದ್ದಿ ನೋಡ್ತಾನಲ್ಲ, ಅದೇ ವಿದ್ಯೆ. ಇಂಜಿನ್ ಕಡೆಯ ಹೋಸ್ ಮೇಲ್ಭಾಗದಲ್ಲಿ ನೊರೆ ಉಕ್ತು. ಕೈಯಾಡಿಸಿದ್ರೆ ಹೋಸಿನ ಅಂಚು ಉಗುರಿನಷ್ಟು ಒಳಗೆ ಮಡಚಿಕೊಂಡಿದೆ, ಕ್ಲಾಂಪ್ ಪೈಪಿನ ಉಬ್ಬಿನ ಮೇಲೇ ಕೂತಿದೆ. ಅಡಿಯಿಂದ ನೋಡೋವಾಗ ಸರಿ ಕಂಡಿತ್ತು, ಮೇಲೆ ಕೈ ಹಾಕಿ ನೋಡಿರಲಿಲ್ಲ, ಪೂರ್ತಿ ನನ್ನದೇ ತಪ್ಪು. ಬಿಚ್ಚಿ, ಎಣ್ಣೆ ಜಿಡ್ಡನ್ನ ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಉಬ್ಬಿನ ಹಿಂದಕ್ಕೆ ಕ್ಲಾಂಪ್ ಸರಿಸಿ ಟೈಟ್ ಮಾಡ್ದೆ. ಇಪ್ಪತ್ತು ನಿಮಿಷದ ಕೆಲಸ.

ಆ ಕಾನೂನಿನ ಉಳಿದರ್ಧ ನಿಜವಾಗಿ ಅರ್ಥ ಆಗಿದ್ದು ಆವತ್ತು. ಹೀಗೆ ಸೋರ್ತಿರೋವಾಗ ಕಮ್ಮಿ ಆದ ಪ್ರೆಶರ್ ತುಂಬೋಕೆ ಟರ್ಬೊ ಮಿತಿ ಮೀರಿ ತಿರುಗುತ್ತೆ. ನಾನು ಲೈಟ್ ನೋಡಿಯೂ ಒಂದು ತಿಂಗಳು ಹಾಗೇ ಓಡಿಸಿ ಟರ್ಬೊ ಹೋಗಿದ್ರೆ ಯಾವ ಮುಖ ಇಟ್ಕೊಂಡು ವಾರಂಟಿ ಕೇಳೋದು? ಪಾರ್ಟು ಒಳ್ಳೇದೇ, ಕೂರಿಸಿದ ಕೈ ಕೆಟ್ಟದ್ದು. ಕೋಡ್ ಬಂದ ತಾರೀಖು, ಮೈಲಿ, ಮಾಡಿದ ರಿಪೇರಿ ಎಲ್ಲ ಬರೆದು, ಬಿಲ್ಲು ಫೋಟೊ ಇರೋ ಫೋಲ್ಡರಿಗೇ ಹಾಕ್ದೆ, ನಂಗೆ ನಾಚಿಕೆ ಆಗೋ ಪೇಜೂ ಅದರಲ್ಲಿರಲಿ ಅಂತ.

ಸೆಪ್ಟೆಂಬರ್ ಕೊನೇಲಿ ಮತ್ತೆ ಅದೇ ಕ್ಲೌಡ್‌ಕ್ರಾಫ್ಟ್ ಏರು, ಅದೇ ಟ್ರೈಲರ್, 93 ಪೆಟ್ರೋಲು. ಇಂಟರ್‌ಕೂಲರ್ ದಾಟಿದ ಗಾಳಿ 52 ಡಿಗ್ರಿ ಮೀರಲಿಲ್ಲ. 71 ಎಲ್ಲಿ 52 ಎಲ್ಲಿ ಅಂತ ಹೇಳಿಬಿಟ್ರೆ ಮೋಸ ಆಗುತ್ತೆ, ಯಾಕಂದ್ರೆ ಆವತ್ತು ಹೊರಗೆ 36 ಇತ್ತು, ಈ ಸಲ 31. ಹೊರಗಿನ ಗಾಳಿಗಿಂತ ಎಷ್ಟು ಮೇಲೆ ಅಂತ ನೋಡಬೇಕು, ಆಗ 35 ಡಿಗ್ರಿ ಮೇಲಿತ್ತು, ಈಗ 21. ಅದೇ 36 ಡಿಗ್ರಿ ದಿನ ಆಗಿದ್ರೆ 57 ಆಸುಪಾಸು ಇರ್ತಿತ್ತು ಅಂತ ಲೆಕ್ಕ ಹಾಕಿದ್ರೂ ಅಷ್ಟೇ ಪ್ರೆಶರಲ್ಲಿ ಗಾಳಿ 4% ದಟ್ಟ. ಸ್ಪೀಡ್ 50ಕ್ಕಿಂತ ಕೆಳಗೆ ಇಳೀಲಿಲ್ಲ. ಇದರಲ್ಲಿ ಪೆಟ್ರೋಲಿನ ಪಾಲೆಷ್ಟು ಇಂಟರ್‌ಕೂಲರ್ ಪಾಲೆಷ್ಟು ಅಂತ ಬಿಡಿಸಿ ಹೇಳೋಕಾಗಲ್ಲ, ಆದ್ರೆ ಡಿಗ್ರಿ ಇಳಿದಿದ್ದು ಮಾತ್ರ ಇಂಟರ್‌ಕೂಲರಿಂದಲೇ. ಟ್ರೈಲರ್ ಇಲ್ಲದೆ ಓಡಿಸಿದ್ರೆ? ಏನೂ ಗೊತ್ತಾಗಲ್ಲ. ಮೈಲೇಜೂ ಅಷ್ಟೇ. ಪವರ್ ಜಾಸ್ತಿ ಆಗುತ್ತೆ ಅಂತ ಹಾಕಿಸೋರು 940 ಡಾಲರ್‌ಗೆ ಬೇಜಾರು ತಗೋತೀರ, ಇದು ಇರೋ ಪವರನ್ನ ಬಿಸಿಲಲ್ಲಿ ಕಳ್ಕೊಳ್ಳದ ಹಾಗೆ ನೋಡ್ಕೊಳುತ್ತೆ, ಅಷ್ಟೇ.

ಒಂದು ತೊಂದರೆ ಇದೆ. ಮಳೆ ದಿನ, ತೇವ ಜಾಸ್ತಿ ಇರೋವಾಗ ಮೆಲ್ಲಗೆ ಹೈವೇಲಿ ಹೋಗ್ತಿದ್ರೆ ದೊಡ್ಡ ಇಂಟರ್‌ಕೂಲರ್ ಗಾಳೀನ ಅತಿಯಾಗಿ ತಣ್ಣಗೆ ಮಾಡಿ ಒಳಗೆ ನೀರು ಕಟ್ಟಬಹುದು, ಫ್ರಿಜ್ಜಿಂದ ತೆಗೆದ ಬಾಟ್ಲಿ ಬೆವರೋ ಹಾಗೆ. ಆಮೇಲೆ ಒಮ್ಮೆಲೇ ಜೋರಾಗಿ ಒತ್ತಿದ್ರೆ ಆ ನೀರನ್ನ ಇಂಜಿನ್ ಒಂದೇ ಗುಟುಕಿಗೆ ಎಳ್ಕೊಂಡು ಮಿಸ್‌ಫೈರ್ ಆಗುತ್ತೆ, ಅಂದ್ರೆ ಸಿಲಿಂಡರಲ್ಲಿ ಪೆಟ್ರೋಲು ಸರಿಯಾಗಿ ಹೊತ್ತಲ್ಲ. ಕೆಲವರು ಅಡೀಲಿ ಸಣ್ಣ ತೂತು ಹೊಡೀತಾರೆ, ನಂಗೆ ಮನಸ್ಸಾಗಲಿಲ್ಲ. ಅಕ್ಟೋಬರಲ್ಲಿ ಒಂದು ವಾರ ಮಳೆ ಹಿಡಿದಿದ್ದಾಗ ಕೆಳಗಿನ ಪೈಪ್ ಬಿಚ್ಚಿ ಅದೇ ಮೊಸರಿನ ಡಬ್ಬ ಹಿಡಿದೆ, ಅರ್ಧ ಚಮಚ ಬಂತು. ಹೂಸ್ಟನ್ ಥರ ಸದಾ ಬೆವರೋ ಊರಲ್ಲಿದ್ರೆ ಇನ್ನೂ ಬೇಗ ಬೇಗ ನೋಡಬೇಕಾಗುತ್ತೆ.

ನವೆಂಬರಲ್ಲಿ ಆಯಿಲ್ ಚೇಂಜ್‌ಗೆ ಅದೇ ಡೀಲರ್ ಹತ್ರ ಹೋದೆ, ಬೇಕಂತಲೇ. ಲಿಫ್ಟ್ ಮೇಲೆ ಏರಿಸಿದ ಟೆಕ್ನಿಷಿಯನ್ ಮಧ್ಯವಯಸ್ಸಿನ ಮನುಷ್ಯ, ಅಡೀಲಿ ನಿಂತು ಟಾರ್ಚ್ ಬಿಟ್ಟು ನೋಡಿದ, ಕ್ಲಾಂಪ್ ಒಂದನ್ನ ಬೆರಳಲ್ಲಿ ಅಲ್ಲಾಡಿಸಿದ, ಟ್ಯೂನ್ ಇದೆಯಾ ಅಂತ ಕೇಳಿದ. ಇಲ್ಲ ಅಂದೆ. ತಲೆ ಆಡಿಸಿ ಹೋದ. ಬಿಲ್ಲಿನ ಕೆಳಗೆ, ಗ್ರಾಹಕರು ಹೊರಗಿನ ಇಂಟರ್‌ಕೂಲರ್ ಹಾಕಿಸಿದ್ದಾರೆ, ಸೋರಿಕೆ ಕಂಡಿಲ್ಲ ಅಂತ ಒಂದು ಸಾಲು. ಚಿಕ್ಕಪ್ಪಂಗೆ ಫೋಟೊ ಕಳಿಸ್ದೆ. "ಗ್ಯಾರಂಟಿ ಇದೆ ಅಂತ ಬರೆದಿದಾರೇನೋ ಅದ್ರಲ್ಲಿ?" ಅಂದ್ರು. ಇಲ್ಲ ಚಿಕ್ಕಪ್ಪ, ಇಲ್ಲ ಅಂತಾನೂ ಬರೆದಿಲ್ಲ ಅಂದೆ.